ಲೂಪಿನಲ್ಲಿ ಏರ್ ಹಿಡಿದರೆ: ಪಿಸಿ ವಾಟರ್ ಕೂಲಿಂಗಿನಿಂದ ಗಾಳಿ ತೆಗೆಯುವ ಬಗೆ

ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಲೈನ್ ಎಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಪೈಪು ಏರು ಹತ್ತಿ ಇಳಿಯುವ ಕಡೆ, ಆ ನೆತ್ತಿಯಲ್ಲಿ ಗಾಳಿ ಕೂತುಬಿಡುತ್ತದೆ. ಮೋಟಾರು ಓಡುತ್ತಲೇ ಇರುತ್ತದೆ, ಆಚೆ ತುದಿಯಲ್ಲಿ ಜೆಟ್ ಸೊರಗಿರುತ್ತದೆ. ಅದಕ್ಕೇ ನೆತ್ತಿಯಲ್ಲೊಂದು ಏರ್ ವಾಲ್ವ್ ಇಡುವುದು.

ಕಂಪ್ಯೂಟರಿನ ಬಿಸಿ ಹೊರಹಾಕಲು ಕ್ಯಾಬಿನೆಟ್ ಒಳಗೆ ನೀರು ಸುತ್ತಿಸುವ ವಾಟರ್ ಕೂಲಿಂಗ್ ಲೂಪೂ ಅಂಥದೇ ಒಂದು ಲೈನು, ಗಾತ್ರದಲ್ಲಿ ಚಿಕ್ಕದು ಅಷ್ಟೆ. ಆದರೆ ತೋಟದ ಲೈನಿನ ತುದಿ ತೆರೆದಿರುತ್ತದೆ. ಇಲ್ಲಿ ನೀರು ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತದೆ. ಹಾಗಾಗಿ ಗಾಳಿ ಹೊರಬೀಳಲು ಇರುವುದು ಒಂದೇ ಬಾಗಿಲು, ರಿಸರ್ವಾಯರ್. (ಮುಂದೆ ಇದನ್ನು ಟ್ಯಾಂಕ್ ಎಂದೇ ಕರೆಯೋಣ.) ಗುಳ್ಳೆಯನ್ನು ಆ ಬಾಗಿಲಿನ ತನಕ ತರಬೇಕು, ತಂದ ಮೇಲೆ ಅದು ಮೇಲೇಳುವಷ್ಟು ಹೊತ್ತು ಟ್ಯಾಂಕಿನ ನೀರು ಶಾಂತವಾಗಿರಬೇಕು. ಪಂಪನ್ನು ಫುಲ್ ಸ್ಪೀಡಿಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಮೊದಲ ಕೆಲಸವಾಗುತ್ತದೆ, ಎರಡನೆಯದು ಕೆಡುತ್ತದೆ. ಎರಡು ದಿನ ಓಡಿಸಿದರೂ ಗುಳ್ಳೆ ಹೋಗದ ಬಹುಪಾಲು ಲೂಪುಗಳ ಕಥೆ ಇಷ್ಟೇ.

ಇಲ್ಲಿ ಹೇಳುವುದೆಲ್ಲ ಬಿಡಿ ಭಾಗಗಳನ್ನು ತಂದು ಕಟ್ಟಿದ ಲೂಪಿನ ಬಗ್ಗೆ: ಪಂಪು, ಟ್ಯಾಂಕು, ರೇಡಿಯೇಟರು, ಪ್ರೊಸೆಸರ್ ಬ್ಲಾಕು (ಪ್ರೊಸೆಸರಿನ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ಭಾಗ), ಇದ್ದರೆ ಗ್ರಾಫಿಕ್ಸ್ ಕಾರ್ಡಿನ ಬ್ಲಾಕು. ಕಂಪನಿಯೇ ಸೀಲ್ ಮಾಡಿ ಕೊಡುವ ಎಐಒ ಕೂಲರುಗಳ ವಿಷಯ ಕೊನೆಯಲ್ಲಿದೆ.

ಗುಳ್ಳೆಯ ಲೆಕ್ಕ

10 ಮಿ.ಮೀ. ಒಳವ್ಯಾಸದ ಟ್ಯೂಬಿನಲ್ಲಿ ಗಂಟೆಗೆ 200 ಲೀಟರ್ ಹರಿದರೆ ನೀರಿನ ವೇಗ ಸೆಕೆಂಡಿಗೆ ಸುಮಾರು 70 ಸೆಂ.ಮೀ. ನಿಂತ ನೀರಿನಲ್ಲಿ 2–3 ಮಿ.ಮೀ. ಗುಳ್ಳೆ ಮೇಲೇಳುವ ವೇಗ 20–25 ಸೆಂ.ಮೀ. ಅಂದರೆ ಟ್ಯೂಬು ನೆಟ್ಟಗೆ ಕೆಳಗಿಳಿಯುತ್ತಿದ್ದರೂ ನೀರು ಗುಳ್ಳೆಯನ್ನು ಎಳೆದುಕೊಂಡೇ ಹೋಗುತ್ತದೆ. ಹರಿವು ಗಂಟೆಗೆ 60 ಲೀಟರಿಗೆ ಇಳಿದರೆ ನೀರಿನ ವೇಗ 21 ಸೆಂ.ಮೀ. ಆಗುತ್ತದೆ, ಆಗ ಗುಳ್ಳೆ ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ಒಂದೇ ಕಡೆ ನಡುಗುತ್ತಾ ನಿಲ್ಲುವುದನ್ನು ಕಣ್ಣಾರೆ ನೋಡಬಹುದು.

ಹೀಗಾಗಿ ಟ್ಯೂಬಿನಲ್ಲಿ ಕಾಣುವ ಗುಳ್ಳೆ ದೊಡ್ಡ ತಲೆನೋವಲ್ಲ. ತಲೆನೋವು ಕಾಣದ ಕಡೆ ಇದೆ. ರೇಡಿಯೇಟರಿಗೆ ಬಂದ ನೀರು ಅಗಲವಾದ ತುದಿ ಪೆಟ್ಟಿಗೆಗೆ ಬಿದ್ದು, ಅಲ್ಲಿಂದ ಹಲವು ಚಪ್ಪಟೆ ನಾಳಗಳಿಗೆ ಹಂಚಿಹೋಗುತ್ತದೆ. ವೇಗ ಕುಸಿಯುತ್ತದೆ, ಗುಳ್ಳೆಯನ್ನು ಎಳೆದೊಯ್ಯುವ ಬಲ ಸಾಲದಾಗುತ್ತದೆ, ಗಾಳಿ ಅಲ್ಲೇ ಮೇಲಿನ ಮೂಲೆ ಹಿಡಿದು ಕೂರುತ್ತದೆ. ಗಾಳಿ ಉಳಿದಿದೆ ಅನ್ನಿಸಿದರೆ ಮೊದಲ ಅನುಮಾನ ರೇಡಿಯೇಟರಿನ ಮೇಲೆಯೇ ಇರಲಿ, ಎರಡನೆಯದು ಬ್ಲಾಕಿನೊಳಗಿನ ಕೂದಲೆಳೆಯ ಸಂದುಗಳ ಮೇಲೆ.

ಇನ್ನು ಟ್ಯಾಂಕಿನ ಲೆಕ್ಕ. 250 ಮಿ.ಲೀ. ಟ್ಯಾಂಕಿನಲ್ಲಿ ಗಂಟೆಗೆ 200 ಲೀಟರಿನ ಹರಿವಿದ್ದರೆ ನೀರು ಒಳಬಂದು ಹೊರಹೋಗಲು ಸಿಗುವುದು ನಾಲ್ಕೂವರೆ ಸೆಕೆಂಡು. 0.1 ಮಿ.ಮೀ. ಗುಳ್ಳೆ ಮೇಲೇಳುವುದು ಸೆಕೆಂಡಿಗೆ ಅರ್ಧ ಸೆಂ.ಮೀ. ಮಾತ್ರ, ಅಷ್ಟರಲ್ಲಿ ಅದು ಎರಡು ಸೆಂ.ಮೀ. ಏರಿರುತ್ತದೆ, ಪಂಪು ಅದನ್ನು ಮತ್ತೆ ನುಂಗುತ್ತದೆ. ಹರಿವನ್ನು 50 ಲೀಟರಿಗೆ ಇಳಿಸಿದರೆ 18 ಸೆಕೆಂಡು ಸಿಗುತ್ತದೆ, ಒಂಬತ್ತು ಸೆಂ.ಮೀ. ಏರಬಹುದು. ಜೋರು ಪಂಪು ದೊಡ್ಡ ಗುಳ್ಳೆಯನ್ನು ಕಡೆದು ಹಾಲಿನಂಥ ಸಣ್ಣ ಗುಳ್ಳೆ ಮಾಡುತ್ತದೆ. ಅಂಥ ಸಣ್ಣ ಗುಳ್ಳೆಗೆ ಬೇಕಿರುವುದು ನಿಧಾನ. ಹಾಗಾಗಿ ಜೋರು, ನಿಧಾನ, ನಿಲುಗಡೆ ಮೂರನ್ನೂ ಅದಲುಬದಲು ಮಾಡಬೇಕು.

ನೀರು ಹಾಕುವ ಮುನ್ನ

ಕೈಗೆಟುಕುವಂತೆ ಇಟ್ಟುಕೊಳ್ಳಬೇಕಾದ್ದು: ಮೆಡಿಕಲ್ ಶಾಪಿನಲ್ಲಿ ಸಿಗುವ 50 ಮಿ.ಲೀ. ಸಿರಿಂಜು, ಅದರ ಮೂತಿಗೆ ಸಿಕ್ಕಿಸಲು ಒಂದಡಿ ತೆಳು ಟ್ಯೂಬು, ಉದ್ದ ಮೂತಿಯ ಸಾಸ್ ಬಾಟಲಿ, ಅಳತೆಯ ಲೋಟ, ಹಳೇ ಬನಿಯನ್ ಬಟ್ಟೆ ನಾಲ್ಕೈದು, ಟಿಶ್ಯೂ, ಟಾರ್ಚು, ಗುರುತು ಹಾಕಲು ಮಾರ್ಕರ್ ಪೆನ್ನು. ಜೊತೆಗೆ ಜಿ 1/4 ಅಳತೆಯ (ಈ ಭಾಗಗಳ ಮಾಮೂಲಿ ತಿರುಪಿನ ಅಳತೆ) ಎರಡು ಹೆಚ್ಚುವರಿ ಸ್ಟಾಪ್ ಪ್ಲಗ್ಗು ಮತ್ತು ಆರೆಂಟು ಓ-ರಿಂಗುಗಳನ್ನು ಮೊದಲೇ ತರಿಸಿಡಿ. ಇವು ಹಾಸನದ ಹಾರ್ಡ್‌ವೇರ್ ಅಂಗಡಿಯ ನಲ್ಲಿ ವಾಷರುಗಳ ಜೊತೆ ಸಿಗುವ ಮಾಲಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನಿನಿಂದಲೋ ಬರಬೇಕು. ಎಂಟಾಣೆ ರಬ್ಬರಿಗಾಗಿ ಬಿಚ್ಚಿದ ಮಷೀನು ಮೂರು ದಿನ ಟೇಬಲ್ ಮೇಲೆ ಕೂರುವುದು ಯಾರಿಗೆ ಬೇಕು.

ಕೂಲಂಟ್, ಅಂದರೆ ಲೂಪಿನಲ್ಲಿ ಸುತ್ತುವ ದ್ರವದ ವಿಷಯದಲ್ಲಿ ಬೋರ್‌ವೆಲ್ ನೀರೂ ಬೇಡ, ಕುಡಿಯುವ ಕ್ಯಾನ್ ನೀರೂ ಬೇಡ. ಎರಡರಲ್ಲೂ ಲವಣ ಇದೆ. ರೆಡಿಮೇಡ್ ಕೂಲಂಟ್ ಕೊಂಡರೆ ತಂಟೆಯಿಲ್ಲ. ಕಾನ್ಸಂಟ್ರೇಟ್ ಬೆರೆಸುವವರು ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರು ತರಬೇಕು. ಇನ್ವರ್ಟರ್ ಬ್ಯಾಟರಿ ಅಂಗಡಿಯಲ್ಲಿ 'ಬ್ಯಾಟರಿ ವಾಟರ್' ಎಂದು ಸಿಗುವುದು ಇದೇ. ಸೀಲ್ ಇರುವ ಕ್ಯಾನನ್ನೇ ಕೇಳಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಅಂಥದೇ ಕ್ಯಾನಿನಲ್ಲಿ ಇರಬಹುದು, ಲೇಬಲ್ ಎರಡು ಸಲ ಓದಿ.

ನೀರನ್ನು ತುಂಬುವ ಹಿಂದಿನ ರಾತ್ರಿಯೇ ಕೋಣೆಯೊಳಗೆ ತಂದಿಡಿ. ತಣ್ಣನೆಯ ನೀರು ಹೆಚ್ಚು ಗಾಳಿಯನ್ನು ಕರಗಿಸಿಕೊಂಡಿರುತ್ತದೆ, ಬಿಸಿಯಾದಂತೆ ಬಿಟ್ಟುಕೊಡುತ್ತದೆ. ಜನವರಿಯ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ಜಗಲಿ ಮೇಲಿದ್ದ 15 ಡಿಗ್ರಿಯ ನೀರನ್ನು ಹಾಗೇ ಸುರಿದರೆ, ಲೂಪು 40 ಡಿಗ್ರಿಗೆ ಬಂದಾಗ ಟ್ಯೂಬಿನ ಗೋಡೆಗೆಲ್ಲ ಸಾಸಿವೆ ಕಾಳಿನಷ್ಟು ಗುಳ್ಳೆ ಅಂಟಿರುತ್ತದೆ. ಸೋರಿಕೆ ಇದೆಯೋ ಎಂದು ಗಾಬರಿಯಾಗಿ ಬಿಚ್ಚಬೇಕಿಲ್ಲ, ಇದು ಕರಗಿದ್ದ ಗಾಳಿ. ಕುದಿಸಿ ಆರಿಸಿ ಹಾಕುವ ಸಲಹೆಯೂ ಉಂಟು. ತತ್ವ ಸರಿಯೇ, ಆದರೆ ಅಡುಗೆ ಪಾತ್ರೆಯಲ್ಲಿ ಕುದಿಸಿದರೆ ಪಾತ್ರೆಯ ಉಪ್ಪಿನಂಶ ಸೇರಿ ಡಿಸ್ಟಿಲ್ಡ್ ಕೊಂಡಿದ್ದೇ ದಂಡ.

ರೇಡಿಯೇಟರನ್ನು ತೊಳೆಯುವಾಗ ಒಂದು ಸಣ್ಣ ಕೆಲಸ ಮಾಡಿಟ್ಟರೆ ಮುಂದೆ ಬಹಳ ಉಪಕಾರ. ತೊಳೆದ ಕೊನೆಯ ಸಲ ಅದನ್ನು ಭರ್ತಿ ತುಂಬಿಸಿ, ಅಲ್ಲಾಡಿಸಿ, ಮತ್ತೆ ತುಂಬಿಸಿ, ಆ ನೀರನ್ನು ಅಳತೆ ಲೋಟಕ್ಕೆ ಬಗ್ಗಿಸಿ ಬರೆದಿಡಿ. ಟ್ಯಾಂಕಿನದನ್ನೂ ಹಾಗೇ ಅಳೆಯಿರಿ. ಟ್ಯೂಬಿಗೆ ಲೆಕ್ಕ ಸುಲಭ: 10 ಮಿ.ಮೀ. ಒಳವ್ಯಾಸದ ಒಂದು ಮೀಟರಿಗೆ 78 ಮಿ.ಲೀ. ಬ್ಲಾಕುಗಳಿಗೆ ಅಂದಾಜು ಸಾಕು. ಒಟ್ಟು 720 ಹಿಡಿಯಬೇಕು ಎಂದು ಗೊತ್ತಿದ್ದು 600ಕ್ಕೇ ತುಂಬಿತು ಎನ್ನಿಸಿದರೆ 120 ಮಿ.ಲೀ. ಗಾಳಿ ಎಲ್ಲೋ ಅಡಗಿದೆ ಎಂದರ್ಥ. ತೊಳೆಯಲು ಪಾತ್ರೆ ಸೋಪು ಬಳಸಲೇಬೇಡಿ. ಒಂದು ಹನಿ ಉಳಿದರೂ ನೊರೆ ವಾರಗಟ್ಟಲೆ ಕಾಡುತ್ತದೆ.

ಗಾಳಿ ಪಂಪಿನ ಲೀಕ್ ಟೆಸ್ಟರ್ ಇದ್ದರೆ ನೀರು ಹಾಕುವ ಮೊದಲು 0.3ರಿಂದ 0.5 ಬಾರ್ ಒತ್ತಡ ಕೊಟ್ಟು 15 ನಿಮಿಷ ಬಿಡಿ, ಮುಳ್ಳು ಕದಲಬಾರದು. ಅದಕ್ಕಿಂತ ಹೆಚ್ಚು ಒತ್ತಡ ಅಕ್ರಿಲಿಕ್ ಟ್ಯಾಂಕಿಗೆ ಒಳ್ಳೆಯದಲ್ಲ. ಈ ಪರೀಕ್ಷೆ ಬರೀ ಸೋರಿಕೆಗಲ್ಲ, ಮುಂದೆ ಗಾಳಿ ಒಳಗೆಳೆದುಕೊಳ್ಳುವ ಜಾಗವನ್ನೂ ಇದೇ ತೋರಿಸುತ್ತದೆ.

ಕರೆಂಟು

ಗಾಳಿ ತೆಗೆಯುವಾಗ ಓಡಬೇಕಾದ್ದು ಪಂಪು ಮಾತ್ರ. ಎಸ್‌ಎಂಪಿಎಸ್ಸಿನಿಂದ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಮದರ್‌ಬೋರ್ಡಿನ 24 ಪಿನ್, ಪ್ರೊಸೆಸರಿನ 8 ಪಿನ್, ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲು, ಡಿಸ್ಕುಗಳ ಕೇಬಲ್ಲು ಎಲ್ಲವನ್ನೂ ಕಳಚಿ. ಪಂಪಿನ ಸಾಟಾ ಅಥವಾ ಮೋಲೆಕ್ಸ್ ಕನೆಕ್ಟರ್ ಮಾತ್ರ ಉಳಿಯಲಿ. 24 ಪಿನ್ ಕೇಬಲ್ಲಿಗೆ ಬ್ರಿಡ್ಜ್ ಪ್ಲಗ್ (ಮದರ್‌ಬೋರ್ಡ್ ಇಲ್ಲದೆಯೇ ಎಸ್‌ಎಂಪಿಎಸ್ಸನ್ನು ಆನ್ ಮಾಡಿಸುವ ಪ್ಲಗ್) ಸಿಕ್ಕಿಸಿದರೆ ಎಸ್‌ಎಂಪಿಎಸ್ ಹಿಂದಿನ ಸ್ವಿಚ್ಚೇ ಪಂಪಿನ ಸ್ವಿಚ್ಚಾಗುತ್ತದೆ. ಹಳೆಯ ಬಣ್ಣದ ಕೇಬಲ್ಲಾದರೆ ಹಸಿರು ತಂತಿಗೂ ಪಕ್ಕದ ಕಪ್ಪು ತಂತಿಗೂ ಪೇಪರ್ ಕ್ಲಿಪ್ಪಿನಲ್ಲಿ ಸೇತುವೆ ಹಾಕುವುದು ರೂಢಿ. ಈಗಿನವು ಪೂರ್ತಿ ಕಪ್ಪು. ಪಿನ್ ಎಣಿಸಿ ಊಹೆ ಮಾಡುವ ಸಾಹಸ ಬೇಡ, ಬ್ರಿಡ್ಜ್ ಪ್ಲಗ್ಗನ್ನೇ ಕೊಳ್ಳಿ.

ಡಿ5 ಪಂಪಿನ ಡಯಲ್ ಮಾದರಿಯಾದರೆ 1ರಿಂದ 5ರವರೆಗೆ ತಿರುಗಿಸಿ ವೇಗ ಬದಲಿಸಬಹುದು: 1ಕ್ಕೆ ನಿಮಿಷಕ್ಕೆ 1800 ಸುತ್ತು, 5ಕ್ಕೆ 4800. ಪಿಡಬ್ಲ್ಯೂಎಂ ಮಾದರಿಗೆ ವೇಗ ಹೇಳುವುದು ಮದರ್‌ಬೋರ್ಡು, ಬೇರೊಂದು ತಂತಿಯ ಮೂಲಕ; ಅದು ಆಫ್ ಇರುವಾಗ ವೇಗ ಹೇಳುವವರಿಲ್ಲ. ಸಾಟಾ ಕರೆಂಟಿನಲ್ಲಿ ಓಡುವ ಚಿಕ್ಕ ಫ್ಯಾನ್ ಕಂಟ್ರೋಲರ್ ಇದ್ದರೆ ಆ ತಂತಿಯನ್ನು ಅದಕ್ಕೆ ಕೊಡಿ. ಇಲ್ಲದಿದ್ದರೆ ಆನ್–ಆಫ್ ಆಟವೇ ಗತಿ, ಅದೂ ಕೆಲಸ ಮಾಡುತ್ತದೆ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂತರೆ ಹಾಸನದ ಚೆಸ್ಕಾಂ, ಚಿಕ್ಕಮಗಳೂರಿನ ಮೆಸ್ಕಾಂ ಎರಡೂ ನಡುವೆ ಕೈ ಕೊಡುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಪಂಪು ನಿಂತು ಮತ್ತೆ ಓಡುವುದರಿಂದ ಲೂಪಿಗೇನೂ ನಷ್ಟವಿಲ್ಲ, ಗುಳ್ಳೆ ಬಿಡಿಸಲು ಅದು ಒಳ್ಳೆಯದೇ. ಎಚ್ಚರ ಒಂದೇ: ಬ್ರಿಡ್ಜ್ ಪ್ಲಗ್ ಇದ್ದಾಗ ಕರೆಂಟ್ ಬಂದ ತಕ್ಷಣ ಪಂಪು ತಾನಾಗಿಯೇ ಹೊರಡುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ನೀರು ಕಡಿಮೆ ಇರುವಾಗ ಕರೆಂಟ್ ಹೋದರೆ ಸ್ವಿಚ್ ಆಫ್ ಮಾಡಿಯೇ ಎದ್ದು ಹೋಗಿ. ಇನ್ವರ್ಟರಿನಲ್ಲಿ ಓಡಿಸುವುದಾದರೆ ಸೈನ್ ವೇವ್ ಇರಲಿ. ಚೌಕ ತರಂಗದ ಹಳೆಯ ಇನ್ವರ್ಟರಿನಲ್ಲಿ ಕೆಲವು ಎಸ್‌ಎಂಪಿಎಸ್ ಮುನಿಸಿಕೊಳ್ಳುತ್ತವೆ.

ತುಂಬುವುದು

ಪಂಪು ಟ್ಯಾಂಕಿಗಿಂತ ಕೆಳಗಿರಬೇಕು, ನೀರು ತನ್ನ ಭಾರಕ್ಕೇ ಇಳಿದು ಪಂಪಿನ ಹೊಟ್ಟೆ ತುಂಬಬೇಕು. ಬಾವಿ ಮೋಟಾರಿಗೆ ನೀರು ತುಂಬಿಸದೆ ಸ್ವಿಚ್ ಹಾಕಿದರೆ ಏನಾಗುತ್ತದೋ ಇಲ್ಲೂ ಅದೇ: ರೆಕ್ಕೆ ಗಾಳಿಯಲ್ಲಿ ತಿರುಗುತ್ತದೆ, ನೀರು ಏಳುವುದಿಲ್ಲ. ಸಾಲದ್ದಕ್ಕೆ ಈ ಪಂಪುಗಳ ಬೇರಿಂಗಿಗೆ ಎಣ್ಣೆಯಿಲ್ಲ, ಒಳಗೆ ಹರಿಯುವ ಕೂಲಂಟೇ ಎಣ್ಣೆ. ಒಣಗಿ ಓಡಿದಷ್ಟೂ ಸವೆತ.

ಟ್ಯಾಂಕನ್ನು ಮುಕ್ಕಾಲು ಭಾಗ ತುಂಬಿಸಿ ಎರಡು ನಿಮಿಷ ಬಿಡಿ. ಪಂಪಿನೊಳಗಿನ ಗಾಳಿ ಒಂದೆರಡು ಗುಳ್ಳೆಯಾಗಿ ಮೇಲೆ ಬರುತ್ತದೆ. ನಂತರ ಸ್ವಿಚ್ ಹಾಕಿ, ಕಣ್ಣು ಟ್ಯಾಂಕಿನ ತಳದ ಮೇಲಿರಲಿ, ಬೆರಳು ಸ್ವಿಚ್ಚಿನ ಮೇಲಿರಲಿ. ನೀರು ಸರ್ರನೆ ಇಳಿಯುತ್ತದೆ. ತಳದ ತೂತಿಗಿಂತ ಎರಡು ಬೆರಳು ಮೇಲಿರುವಾಗಲೇ ಆಫ್. ಮತ್ತೆ ತುಂಬಿಸಿ, ಮತ್ತೆ ಆನ್. ಮೊದಲ ಸುತ್ತುಗಳು ಎರಡು ಮೂರು ಸೆಕೆಂಡಿಗೆ ಮುಗಿಯುತ್ತವೆ. ಐದಾರು ಸುತ್ತಾದ ಮೇಲೆ ವಾಪಸ್ ಬರುವ ಟ್ಯೂಬಿನಿಂದ ನೀರು ಟ್ಯಾಂಕಿಗೆ ಬೀಳಲು ಶುರುವಾಗುತ್ತದೆ. ಆಮೇಲೆ ಮಟ್ಟ ನಿಧಾನಕ್ಕೆ ಇಳಿಯುತ್ತದೆ, ಸಾಸ್ ಬಾಟಲಿಯಿಂದ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗಿ. ಎಷ್ಟು ಹಾಕಿದಿರಿ ಎಂದು ಪ್ರತಿ ಸಲ ಬರೆದುಕೊಳ್ಳಿ.

ಪಂಪು ಕರಕರ ಸದ್ದು ಮಾಡುತ್ತಾ ನೀರು ಕದಲದಿದ್ದರೆ ಹತ್ತು ಸೆಕೆಂಡಿನೊಳಗೆ ನಿಲ್ಲಿಸಿ. ಪಂಪಿನ ಹೊಟ್ಟೆಯಲ್ಲೇ ಏರ್ ಹಿಡಿದಿದೆ. ಅರ್ಧ ನಿಮಿಷ ಬಿಟ್ಟು ಕ್ಯಾಬಿನೆಟ್ಟನ್ನು ಅತ್ತಿತ್ತ ವಾಲಿಸಿ, ಪಂಪಿನ ಬಾಯಿ ಮೇಲಾಗುವಂತೆ ಮಾಡಿದರೆ ಗುಳ್ಳೆ ಟ್ಯಾಂಕಿಗೆ ಏರುತ್ತದೆ. ಅದಕ್ಕೂ ಬಗ್ಗದಿದ್ದರೆ ಟ್ಯಾಂಕಿನ ಮೇಲಿನ ತೂತಿಗೆ ಸಿರಿಂಜಿನ ಟ್ಯೂಬು ಹಾಕಿ, ಮೂತಿಯನ್ನು ತಳದ ತೂತಿಗೆ ಹಿಡಿದು 50 ಮಿ.ಲೀ. ನೀರನ್ನು ಒತ್ತಿ ಕೊಡಿ. ಸಾಮಾನ್ಯವಾಗಿ ಅಷ್ಟಕ್ಕೆ ದಾರಿ ಬಿಡುತ್ತದೆ.

ಗಾಳಿ ಬಿಡಿಸುವುದು

ಇಲ್ಲಿಂದ ಮುಂದೆ ಅವಸರ ಸಲ್ಲ. ಪಂಪು 20 ಸೆಕೆಂಡು ಫುಲ್, ಒಂದು ನಿಮಿಷ ಕಡಿಮೆ ವೇಗ, 10 ಸೆಕೆಂಡು ಪೂರ್ತಿ ನಿಲುಗಡೆ. ಇಂಥ ಹತ್ತು ಹದಿನೈದು ಸುತ್ತು. ಜೋರು ಓಟ ಗುಳ್ಳೆಯನ್ನು ಕಿತ್ತು ತರುತ್ತದೆ, ನಿಧಾನ ಓಟದಲ್ಲಿ ಅದು ಟ್ಯಾಂಕಿನಲ್ಲಿ ಮೇಲೇಳುತ್ತದೆ. ನಿಲುಗಡೆಯಲ್ಲಿ ಅಲ್ಲಲ್ಲಿ ಚೂರುಚೂರಾಗಿ ಅಂಟಿದ್ದ ಗಾಳಿ ಒಟ್ಟುಗೂಡಿ ದೊಡ್ಡ ಗುಳ್ಳೆಯಾಗುತ್ತದೆ. ದೊಡ್ಡದನ್ನು ಮುಂದಿನ ಜೋರು ಓಟ ಸುಲಭವಾಗಿ ತಳ್ಳುತ್ತದೆ.

ಆಮೇಲೆ ವಾಲಿಸುವ ಕೆಲಸ. ಗಾಜಿನ ಬಾಗಿಲನ್ನು ತೆಗೆದು ಬೇರೆ ಕಡೆ ಇಡಿ, ಜೊತೆಗೆ ಇನ್ನೊಬ್ಬರಿರಲಿ. ಟ್ಯಾಂಕನ್ನು ಹೆಚ್ಚು ಕಮ್ಮಿ ಭರ್ತಿ ತುಂಬಿಸಿ ಮುಚ್ಚಳ ಬಿಗಿ ಮಾಡಿ, ಇಲ್ಲದಿದ್ದರೆ ವಾಲಿದಾಗ ತಳದ ತೂತು ತೆರೆದುಕೊಂಡು ಪಂಪು ಗಾಳಿ ಕುಡಿಯುತ್ತದೆ. ಪಂಪು ನಿಧಾನವಾಗಿ ಓಡುತ್ತಿರುವಾಗ ಕ್ಯಾಬಿನೆಟ್ಟನ್ನು ಒಂದು ಪಕ್ಕಕ್ಕೆ 30 ಡಿಗ್ರಿ ವಾಲಿಸಿ, ಅಡಿಗೆ ಊಟದ ಮಣೆ ಕೊಟ್ಟು ಅರ್ಧ ನಿಮಿಷ ಹಿಡಿಯಿರಿ. ಹಾಗೇ ಇನ್ನೊಂದು ಪಕ್ಕ, ಮುಂದೆ, ಹಿಂದೆ. ಸುಮ್ಮನೆ ಅಲ್ಲಾಡಿಸುವುದಕ್ಕಿಂತ ಯೋಚಿಸಿ ವಾಲಿಸುವುದು ಮೇಲು: ರೇಡಿಯೇಟರಿನಲ್ಲಿ ನೀರು ಹೊರಗೆ ಹೋಗುವ ಬಾಯಿ ಯಾವುದು ಎಂದು ಗುರುತಿಸಿ, ಆ ಬಾಯಿ ರೇಡಿಯೇಟರಿನ ಅತಿ ಎತ್ತರದ ಜಾಗವಾಗುವಂತೆ ವಾಲಿಸಿ. ಗಾಳಿ ಅಲ್ಲಿಗೆ ಬಂದು ಸೇರುತ್ತದೆ. ಆಗ 20 ಸೆಕೆಂಡು ಫುಲ್ ಸ್ಪೀಡ್ ಕೊಟ್ಟರೆ ಗುಳುಗುಳು ಎನ್ನುತ್ತಾ ಟ್ಯಾಂಕಿಗೆ ಬಂದು ಬೀಳುತ್ತದೆ.

ರೇಡಿಯೇಟರನ್ನು ಎಲ್ಲಿ ಹೇಗೆ ಕೂರಿಸಿದ್ದೀರಿ ಎಂಬುದರ ಮೇಲೆ ಈ ಕಷ್ಟ ನಿಂತಿದೆ. ಮುಂಭಾಗದಲ್ಲಿ ನೆಟ್ಟಗೆ ನಿಂತಿದ್ದು ಬಾಯಿಗಳು ಮೇಲಿದ್ದರೆ ಗಾಳಿ ತಾನಾಗಿ ಹೋಗುತ್ತದೆ. ಬಾಯಿಗಳು ಕೆಳಗಿದ್ದರೆ ಮೇಲಿನ ಪೆಟ್ಟಿಗೆ ಗಾಳಿಯ ಗೂಡು. ಅಲ್ಲಿ ಬ್ಲೀಡ್ ಪ್ಲಗ್ (ಗಾಳಿ ಬಿಡಲೆಂದೇ ಇರುವ ತಿರುಪಿನ ಮುಚ್ಚಳ) ಇದ್ದರೆ ಪಂಪು ನಿಲ್ಲಿಸಿ, ಕೆಳಗೆ ಬಟ್ಟೆ ಹಿಡಿದು, ಅರ್ಧ ಸುತ್ತು ಸಡಿಲಿಸಿ. ಟ್ಯಾಂಕಿನ ನೀರಿನ ಮಟ್ಟ ಆ ಪ್ಲಗ್ಗಿಗಿಂತ ಮೇಲಿದ್ದು ಟ್ಯಾಂಕಿನ ಮುಚ್ಚಳ ತೆರೆದಿದ್ದರೆ ಮಾತ್ರ ಗಾಳಿ ಹುಸ್ಸೆಂದು ಹೊರಬರುತ್ತದೆ. ಮಟ್ಟ ಕೆಳಗಿದ್ದರೆ ಉಲ್ಟಾ, ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಈ ಒಂದು ಸಂಗತಿ ಗೊತ್ತಿಲ್ಲದೆ ಇದ್ದ ಗಾಳಿಯನ್ನು ಇಮ್ಮಡಿ ಮಾಡಿಕೊಳ್ಳುವವರು ಕಡಿಮೆಯಿಲ್ಲ. ಬ್ಲೀಡ್ ಪ್ಲಗ್ ಇಲ್ಲದಿದ್ದರೆ ಕ್ಯಾಬಿನೆಟ್ಟನ್ನೇ ನಿಧಾನವಾಗಿ ತಲೆಕೆಳಗಿನತ್ತ ವಾಲಿಸಬೇಕಾಗುತ್ತದೆ, ಅದಕ್ಕೆ ನಾಲ್ಕು ಕೈ ಬೇಕೇ ಬೇಕು. ಚಾವಣಿಗೆ ಮಲಗಿಸಿದ ರೇಡಿಯೇಟರಾದರೆ ಬಾಯಿಗಳಿರುವ ಕಡೆ ಒಂದು ಇಂಚು ಎತ್ತರ ಮಾಡಿದರೂ ಸಾಕು.

ಮೆತ್ತನೆಯ ಟ್ಯೂಬಿನ ಲೂಪಿಗೆ ಇನ್ನೊಂದು ಉಪಾಯವಿದೆ. ಪಂಪು ಓಡುತ್ತಿರುವಾಗ ಟ್ಯಾಂಕಿಗೆ ವಾಪಸ್ ಬರುವ ಟ್ಯೂಬನ್ನು ಎರಡು ಸೆಕೆಂಡು ಹಿಸುಕಿ ಹಿಡಿದು ಥಟ್ಟನೆ ಬಿಡಿ. ಹರಿವು ಜಗ್ಗಿ ಹೊರಡುವ ಆ ಎಳೆತಕ್ಕೆ ಬ್ಲಾಕಿನ ಸಂದಿನಲ್ಲಿ ಅಂಟಿದ ಗುಳ್ಳೆ ಕಳಚುತ್ತದೆ. ರೇಡಿಯೇಟರನ್ನು ಅಂಗೈಯಲ್ಲಿ ತಟ್ಟುವುದೂ ಉಪಯೋಗವೇ. ಗ್ರಾಫಿಕ್ಸ್ ಕಾರ್ಡನ್ನು ಮಾತ್ರ ತಟ್ಟಬೇಡಿ, ಸ್ಲಾಟಿಗೆ ಪೆಟ್ಟು. ಪೆಟ್‌ಜಿ ಅಥವಾ ಅಕ್ರಿಲಿಕ್ ಗಟ್ಟಿ ಟ್ಯೂಬಿನವರಿಗೆ ಹಿಸುಕುವ ಸೌಲಭ್ಯವಿಲ್ಲ. ಅವರಿಗೆ ಆನ್–ಆಫ್ ಮತ್ತು ವಾಲಿಸುವುದೇ ದಾರಿ.

ಎರಡು ಮೂರು ಗಂಟೆಯಲ್ಲಿ ಕಣ್ಣಿಗೆ ಕಾಣುವ ಗಾಳಿ ಹೋಗಿರುತ್ತದೆ. ಫಿಟ್ಟಿಂಗುಗಳ ಕೆಳಗೆ ಟಿಶ್ಯೂ ಇಟ್ಟು, ಮಧ್ಯಮ ವೇಗದಲ್ಲಿ ಒಂದು ಹಗಲಾದರೂ ಕಣ್ಣೆದುರು ಓಡಲಿ. ಮೊದಲ ರಾತ್ರಿಯೇ ಬಿಟ್ಟು ಮಲಗಬೇಡಿ. ಹನಿ ಬಿದ್ದರೆ ಒರೆಸಿ, ಬೋರ್ಡಿನ ಮೇಲೆ ಬಿದ್ದಿದ್ದರೆ ಪೂರ್ತಿ ಒಣಗುವ ತನಕ ಕರೆಂಟ್ ಕೊಡಬೇಡಿ. ಜೂನ್–ಆಗಸ್ಟಿನ ಮಲೆನಾಡಿನ ಥಂಡಿಯಲ್ಲಿ 'ಪೂರ್ತಿ ಒಣಗುವ ತನಕ' ಎಂದರೆ ಟೇಬಲ್ ಫ್ಯಾನ್ ಕೆಳಗೆ ಒಂದು ದಿನ ಎಂದೇ ಇಟ್ಟುಕೊಳ್ಳಿ.

ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಕೇಬಲ್ಲುಗಳನ್ನೆಲ್ಲ ಸೇರಿಸಿ ಮಷೀನು ಹಚ್ಚಿ, ರೇಡಿಯೇಟರ್ ಫ್ಯಾನುಗಳನ್ನು ತೀರಾ ನಿಧಾನಕ್ಕಿಟ್ಟು ಒಂದು ಗಂಟೆ ಹಗುರ ಲೋಡ್ ಕೊಡಿ. ಕೂಲಂಟ್ 40 ಡಿಗ್ರಿಗೆ ಬರಲಿ, 45 ದಾಟದಿರಲಿ. ಬಿಸಿ ನೀರು ಕರಗಿದ ಗಾಳಿಯನ್ನು ಬಿಡುತ್ತದೆ. ಮೇಲಾಗಿ 15 ಡಿಗ್ರಿಗೆ ಹೋಲಿಸಿದರೆ 40ರಲ್ಲಿ ನೀರಿನ ಜಿಗುಟು 40 ಶೇಕಡಾ ಕಡಿಮೆ, ಸಣ್ಣ ಗುಳ್ಳೆ ಬೇಗ ಏಳುತ್ತದೆ. ಚಳಿಗಾಲದಲ್ಲಿ ಕಟ್ಟಿದ ಲೂಪಿಗೆ ಇದು ಎರಡು ವಾರದ ಕೆಲಸವನ್ನು ಒಂದು ಸಂಜೆಗೆ ಇಳಿಸುತ್ತದೆ.

ಇನ್ನೂ ಗಾಳಿ ಇದೆಯೇ? ಮಾರ್ಕರ್ ಪೆನ್ನಿನ ಪರೀಕ್ಷೆ

ಟ್ಯಾಂಕಿನ ಮುಚ್ಚಳ ತೆರೆದಿಟ್ಟು ಪಂಪನ್ನು ಫುಲ್ ಸ್ಪೀಡಿನಲ್ಲಿ ಓಡಿಸಿ ನೀರಿನ ಮಟ್ಟಕ್ಕೆ ಗೆರೆ ಹಾಕಿ. ಪಂಪು ನಿಲ್ಲಿಸಿ ಮತ್ತೆ ನೋಡಿ. ಮಟ್ಟ ಮೇಲೆದ್ದರೆ ಒಳಗೆ ಗಾಳಿ ಇದೆ. ನೀರನ್ನು ಅದುಮಲಾಗದು, ಗಾಳಿಯನ್ನು ಅದುಮಬಹುದು; ಪಂಪಿನ ಒತ್ತಡಕ್ಕೆ ಕುಗ್ಗಿದ್ದ ಗಾಳಿ ಪಂಪು ನಿಂತಾಗ ಹಿಗ್ಗಿ ನೀರನ್ನು ಟ್ಯಾಂಕಿಗೆ ತಳ್ಳುತ್ತದೆ.

ಎಷ್ಟು ಗಾಳಿ ಎಂದೂ ಲೆಕ್ಕ ಹಾಕಬಹುದು. ಒಳವ್ಯಾಸ 50 ಮಿ.ಮೀ. ಇರುವ ಟ್ಯಾಂಕಿನಲ್ಲಿ ಒಂದು ಮಿ.ಮೀ. ಎತ್ತರವೆಂದರೆ ಎರಡು ಮಿ.ಲೀ. ಹಾಸನ ಸಮುದ್ರ ಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಸುಮಾರು 1090. ಎರಡೂ ಕಡೆ ವಾಯುಭಾರ 0.9 ಬಾರ್ ಆಸುಪಾಸು. ಗಾಳಿ ಕೂತ ಜಾಗದಲ್ಲಿ ಪಂಪಿನ ಒತ್ತಡ 0.2 ಬಾರ್ ಎಂದು ಹಿಡಿದರೆ 0.9 ಹೋಗಿ 1.1 ಆಗುತ್ತದೆ, ಗಾಳಿಯ ಗಾತ್ರ 18 ಶೇಕಡಾ ಕುಗ್ಗುತ್ತದೆ. ಮಟ್ಟ 5 ಮಿ.ಮೀ. ಎದ್ದಿತೆಂದರೆ 10 ಮಿ.ಲೀ.; ಅದು 18 ಶೇಕಡಾ ಆದರೆ ಒಟ್ಟು ಗಾಳಿ 55 ಮಿ.ಲೀ. ಹತ್ತಿರ. ಅಷ್ಟಿದ್ದರೆ ರೇಡಿಯೇಟರಿನಲ್ಲಿ ಒಂದು ಗೂಡೇ ಇದೆ, ಮತ್ತೆ ವಾಲಿಸಿ. ಒಂದು ಮಿ.ಮೀ. ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಮೆತ್ತನೆಯ ಟ್ಯೂಬು ಉಬ್ಬುವುದರಿಂದಲೂ ಅಷ್ಟು ಬರುತ್ತದೆ.

ಹೋಗದ ಗುಳ್ಳೆ

ಮೂರು ದಿನವಾದರೂ ಗುಳ್ಳೆ ಹೊಸದಾಗಿ ಬರುತ್ತಲೇ ಇದ್ದರೆ ಅದು ಹಳೆಯ ಗಾಳಿಯಲ್ಲ, ಎಲ್ಲಿಂದಲೋ ಒಳಬರುತ್ತಿದೆ. ಮೊದಲು ಟ್ಯಾಂಕಿನೊಳಗೆ ಟಾರ್ಚು ಬಿಡಿ. ತೂತಿನ ಮೇಲೆ ಸುಳಿ ಎದ್ದು ಅದರ ಬಾಲ ಪಂಪಿನ ತನಕ ಇಳಿದಿದ್ದರೆ ಪಂಪು ಅದೇ ದಾರಿಯಲ್ಲಿ ಗಾಳಿ ಹೀರುತ್ತಿದೆ. ಮಟ್ಟ ಏರಿಸಿ, ವೇಗ ಇಳಿಸಿ, ಟ್ಯಾಂಕಿನ ಜೊತೆ ಬರುವ ಅಡ್ಡಪಟ್ಟಿ ಹಾಕಿ. ವಾಪಸ್ ಬರುವ ನೀರು ಮೇಲಿಂದ ಜೋಗದ ಹಾಗೆ ಬೀಳುತ್ತಿದ್ದರೂ ಅದೇ ಕಥೆ. ಒಳಗೊಂದು ಇಳಿಕೆ ಟ್ಯೂಬು ಹಾಕಿ ಅದರ ಬಾಯಿ ನೀರಿನೊಳಗೆ ಮುಳುಗಿರುವಂತೆ ಮಾಡಿ.

ಟ್ಯಾಂಕು ಸರಿಯಿದ್ದರೆ ಟ್ಯಾಂಕಿಗೂ ಪಂಪಿಗೂ ನಡುವಿನ ಫಿಟ್ಟಿಂಗ್ ನೋಡಿ. ಅಲ್ಲಿ ಪಂಪು ಎಳೆಯುತ್ತಿರುವುದರಿಂದ ಒತ್ತಡ ಹೊರಗಿಗಿಂತ ಕಡಿಮೆ ಇರಬಹುದು. ಓ-ರಿಂಗ್ ಸೊಟ್ಟಗಿದ್ದರೆ ಒಂದು ಹನಿ ನೀರೂ ಹೊರಬರದೆ ಗಾಳಿ ಮಾತ್ರ ಒಳಹೋಗುತ್ತದೆ. ಟಿಶ್ಯೂ ಒಣಗಿಯೇ ಇದೆಯಲ್ಲ ಎಂದು ಇಲ್ಲಿ ಮೋಸ ಹೋಗುತ್ತಾರೆ. ನೀರು ತೆಗೆದು ಓ-ರಿಂಗ್ ಬದಲಿಸಿ, ಹೊಸದಕ್ಕೆ ಕೂಲಂಟ್ ಸವರಿ ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿದರೆ ಅಕ್ರಿಲಿಕ್ ಸೀಳುತ್ತದೆ.

ನೊರೆ ಬೇರೆ ಜಾತಿಯದು. ಟ್ಯಾಂಕಿನ ಮೇಲೆ ಬಿಯರಿನ ಹಾಗೆ ಪದರ ನಿಂತರೆ ಸೋಪಿನಂಶವೋ, ಎರಡು ಬ್ರ್ಯಾಂಡಿನ ಕೂಲಂಟ್ ಬೆರೆತದ್ದೋ ಕಾರಣ. ಬಣ್ಣದ ಕಣ ತೇಲುವ ಪೇಸ್ಟಲ್ ಕೂಲಂಟುಗಳಲ್ಲಿ ಮೊದಲ ಒಂದೆರಡು ದಿನ ಸ್ವಲ್ಪ ನೊರೆ ಸಹಜ, ಕಡಿಮೆ ವೇಗಕ್ಕೆ ಇಳಿಸಿದರೆ ತಗ್ಗುತ್ತದೆ. ತಗ್ಗದಿದ್ದರೆ ಎಲ್ಲ ಹೊರ ಚೆಲ್ಲಿ ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ತೊಳೆಯುವುದೇ ಮದ್ದು. ಸ್ಪಿರಿಟ್ ಹಾಕಿ ನೊರೆ ಮುರಿಯಬಹುದೆಂಬ ಮಾತು ಕೇಳಿ ಅಕ್ರಿಲಿಕ್ ಟ್ಯಾಂಕಿಗೆ ಆಲ್ಕೋಹಾಲ್ ಸುರಿಯಬೇಡಿ, ಕೂದಲೆಳೆ ಬಿರುಕು ಬೀಳುತ್ತದೆ.

ಎಲ್ಲಿಯವರೆಗೆ ತುಂಬಬೇಕು

ಭರ್ತಿ ಬೇಡ. ಒಂದು ಲೀಟರ್ ನೀರು 20ರಿಂದ 45 ಡಿಗ್ರಿಗೆ ಬಂದಾಗ 8 ಮಿ.ಲೀ. ಹಿಗ್ಗುತ್ತದೆ. ಮೇಲೆ ಬರೀ 20 ಮಿ.ಲೀ. ಗಾಳಿ ಬಿಟ್ಟು ಮುಚ್ಚಿದ್ದರೆ ಅದು 12ಕ್ಕೆ ಅದುಮಿಕೊಂಡು ಫಿಟ್ಟಿಂಗುಗಳ ಮೇಲೆ ಅರ್ಧ ಬಾರ್‌ಗೂ ಮೀರಿದ ಒತ್ತಡ ಬೀಳುತ್ತದೆ. 50 ಮಿ.ಮೀ. ಟ್ಯಾಂಕಿನಲ್ಲಿ ಎರಡೂವರೆ ಸೆಂ.ಮೀ., ಅಂದರೆ 50 ಮಿ.ಲೀ. ಖಾಲಿ ಬಿಟ್ಟರೆ ನಿಶ್ಚಿಂತೆ. ಮೊದಲ ಎರಡು ವಾರ ಮಟ್ಟ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಉಳಿದ ಗಾಳಿ ಬಂದು ಸೇರುತ್ತಿರುವ ಲಕ್ಷಣ ಅದು. ಮಷೀನು ತಣ್ಣಗಿರುವಾಗ 20–30 ಮಿ.ಲೀ. ಸೇರಿಸಿ. ತಿಂಗಳಾದರೂ ಇಳಿಯುತ್ತಲೇ ಇದ್ದರೆ ಅದು ಸೋರಿಕೆ.

ಎಐಒ ಕೂಲರಿನಲ್ಲಿ

ಇದರಲ್ಲಿ ಗಾಳಿ ತೆಗೆಯುವ ಬಾಗಿಲಿಲ್ಲ. ಫ್ಯಾಕ್ಟರಿಯಿಂದಲೇ ಸ್ವಲ್ಪ ಗಾಳಿ ಇರುತ್ತದೆ, ವರ್ಷ ಕಳೆದಂತೆ ರಬ್ಬರ್ ಟ್ಯೂಬಿನ ಮೂಲಕ ನೀರು ಆವಿಯಾಗಿ ಗಾಳಿ ಹೆಚ್ಚುತ್ತದೆ. ಮಾಡಬಹುದಾದ್ದು ಆ ಗಾಳಿಗೆ ಪಂಪಿನಿಂದ ದೂರ ಒಂದು ಜಾಗ ಕೊಡುವುದು. ಪಂಪು ಪ್ರೊಸೆಸರಿನ ಮೇಲಿದ್ದರೆ ರೇಡಿಯೇಟರಿನ ಮೇಲ್ತುದಿ ಅದಕ್ಕಿಂತ ಎತ್ತರದಲ್ಲಿರಬೇಕು. ಚಾವಣಿಗೆ ಕೂರಿಸಿದರೆ ಒಳ್ಳೆಯದು. ಮುಂಭಾಗದಲ್ಲಾದರೆ ಟ್ಯೂಬುಗಳು ಕೆಳಗಿರಲಿ, ಆಗ ಗಾಳಿ ಮೇಲಿನ ಪೆಟ್ಟಿಗೆಯಲ್ಲಿ ತೆಪ್ಪಗಿರುತ್ತದೆ. ಕ್ಯಾಬಿನೆಟ್ಟಿನ ತಳಕ್ಕೆ ಕೂರಿಸಿದರೆ ಪಂಪೇ ಲೂಪಿನ ನೆತ್ತಿ, ಗಾಳಿಯೆಲ್ಲ ಅಲ್ಲಿಗೇ. ಸಾಗಣೆಯಲ್ಲಿ ಅಲುಗಿ ಗುಳುಗುಳು ಎನ್ನುತ್ತಿದ್ದರೆ ಪಂಪನ್ನು ಫುಲ್ ಸ್ಪೀಡಿಗಿಟ್ಟು ಕ್ಯಾಬಿನೆಟ್ಟನ್ನು ಎರಡೂ ಪಕ್ಕಕ್ಕೆ ಒಂದೊಂದು ನಿಮಿಷ ವಾಲಿಸಿ. ಸದ್ದು ಅಲ್ಲಿಗೂ ನಿಲ್ಲದೆ ಪ್ರೊಸೆಸರಿನ ಬಿಸಿಯೂ ಏರುತ್ತಿದ್ದರೆ ಬಿಚ್ಚಿ ನೀರು ತುಂಬಿಸಲು ಹೋಗಬೇಡಿ, ಬಿಲ್ ಹುಡುಕಿ ವಾರಂಟಿ ತಾರೀಖು ನೋಡಿ.